ಸಮೋವಾದ ಸೊಂಟ, ಗರಗದ ಸೊಂಟ

ದೇವರಿಗಾಗಿ ಉಪವಾಸ ಮಾಡುವವರನ್ನು ನೀವೆಲ್ಲ ನೋಡಿದ್ದೀರಿ. ದೇವರಿಗೆ ಟೋಪಿ ಹಾಕುವುದಕ್ಕೆ ಉಪವಾಸ ಮಾಡುವವರನ್ನು ನೋಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ. ನನ್ನ ಮೊಮ್ಮಗಳು ಚೈತ್ರಾ.

ಹೋದ ತಿಂಗಳು ಒಂದು ಬೆಳಿಗ್ಗೆ ದೇಶಪಾಂಡೆ ನಗರದ ನಮ್ಮ ಅಡುಗೆಮನೆಯಲ್ಲಿ ಧೊಪ್ಪಂತ ಸದ್ದಾಯಿತು. ಮಿಕ್ಸರ್ ಬಿತ್ತು ಅಂದುಕೊಂಡೆ. (ನನ್ನ ಸೊಸೆ ಸುವರ್ಣಾ ಓಡಿಬಂದು ಮೊದಲು ನೋಡಿದ್ದೂ ಮಿಕ್ಸರನ್ನೇ. ಅದು ಹೊಸದು.) ಬಿದ್ದವಳು ಚೈತ್ರಾ. ಪಕ್ಕದಲ್ಲಿ ಉರುಳಿದ ಲೋಟ, ನೆಲದ ತುಂಬ ಜೀರಿಗೆ ನೀರು. ಮುಖಕ್ಕೆ ತಣ್ಣೀರು ಚಿಮುಕಿಸಿ ಕೂರಿಸಿದೆವು. ಹುಡುಗಿ ಕಣ್ಣು ಬಿಟ್ಟು ಕೇಳಿದ ಮೊದಲ ಪ್ರಶ್ನೆ: "ಆಯಿ, ಸಪ್ಪಳ ಭಾಳ ಜೋರ್ ಆತೇನು?"

ನೋಡಿ, ಕಾಲ ಎಲ್ಲಿಗೆ ಬಂದಿದೆ! ತಲೆ ತಿರುಗಿದ್ದು ಚಿಂತೆಯಲ್ಲ. ಬಿದ್ದ ಸಪ್ಪಳ ನೆರೆಮನೆಗೆ ಕೇಳಿಸಿತೋ ಏನೋ ಅನ್ನುವುದು ಚಿಂತೆ.

ಕಾರಣ ಹೇಳುತ್ತೇನೆ. ಹೋದ ವರ್ಷ ಚೈತ್ರಾಗೆ ಡೆಂಗ್ಯೂ ಆಗಿತ್ತು. ಪ್ಲೇಟ್‌ಲೆಟ್ ದಿನದಿನಕ್ಕೆ ಇಳಿಯುತ್ತಿದ್ದವು. ಸುವರ್ಣಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಮ್ಮ ಮನೆತನದ ಮಠಕ್ಕೆ ಹರಕೆ ಹೊತ್ತಳು: ಮಗಳು ಉಳಿದರೆ ಬೆಲ್ಲದ ತುಲಾಭಾರ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳು, ಇನ್ನೊಂದರಲ್ಲಿ ಅವಳ ತೂಕದ ಬೆಲ್ಲ. ಆ ಬೆಲ್ಲ ಮಠದ ದಾಸೋಹಕ್ಕೆ, ಅಂದರೆ ದಿನವೂ ಬಂದವರಿಗೆಲ್ಲ ಬಡಿಸುವ ಊಟಕ್ಕೆ. ಮಗಳು ಉಳಿದಳು. ಈಗ ದೇವರು ತನ್ನ ಪಾಲಿಗೆ ಕಾಯುತ್ತಿದ್ದಾನೆ.

ತೊಂದರೆ ಇಷ್ಟೇ. ನಮ್ಮ ಚೈತ್ರಾ ದಪ್ಪಗಿದ್ದಾಳೆ. ಮೈ ತುಂಬಿಕೊಂಡಿದ್ದಾಳೆ, ಲಕ್ಷಣವಾಗಿದ್ದಾಳೆ ಅಂತೆಲ್ಲ ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ದಪ್ಪ. ತೂಕ ಎಷ್ಟು ಅಂತ ಮಾತ್ರ ಬರೆಯುವುದಿಲ್ಲ. ಬರೆದರೆ ಈ ಅಂಕಣ ಇಲ್ಲಿಗೇ ನಿಲ್ಲುತ್ತದೆ, ಬಹುಶಃ ನನ್ನ ಊಟವೂ.

ಅವಳು ಧಾರವಾಡದ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಾಳೆ. ದಿನವೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಹೋಗಿ ಬರುತ್ತಾಳೆ. ಪಕ್ಕದ ಸೀಟು ಖಾಲಿ ಇದ್ದರೂ ಜನ ಒಂದು ಕ್ಷಣ ನಿಂತು ಲೆಕ್ಕ ಹಾಕಿ ಆಮೇಲೆ ಕೂರುತ್ತಾರಂತೆ. ಮದುವೆ ಮನೆಗಳಲ್ಲಿ ಅವಳ ತಟ್ಟೆಗೆ ಬಿದ್ದ ಹೋಳಿಗೆಯನ್ನು ಊರೇ ಎಣಿಸುತ್ತದೆ. ಅಂಥವಳನ್ನು ಮಠದ ಅಂಗಳದಲ್ಲಿ, ಬಂಧುಬಳಗದ ಎದುರು, ಹೂವಿನ ಹಾರ ಹಾಕಿದ ತಕ್ಕಡಿಯಲ್ಲಿ ಕೂರಿಸಿ ತೂಗುವುದೆಂದರೆ? ಅದಕ್ಕೇ ಹುಡುಗಿ ಅನ್ನ ರೊಟ್ಟಿ ಬಿಟ್ಟಳು. ತುಲಾಭಾರದೊಳಗೆ ಆದಷ್ಟು ಇಳಿಯಬೇಕು ಅಂತ ಹಟ.

"ಮಮ್ಮಿಗೆ ತೂಕದ ಹರಕೀನ ಹೊರಬೇಕಿತ್ತೇನು ಆಯಿ? ಎತ್ತರದ್ದು ಹೊತ್ತಿದ್ರ ಒಂದು ಮಲ್ಲಿಗಿ ಮಾಲಿಯೊಳಗ ಮುಗೀತಿತ್ತು."

ಅದೂ ಖರೆ ಅನ್ನಿ.

ನಮ್ಮ ಡಾಕ್ಟರು ಬಂದು ನಾಡಿ ಹಿಡಿದು, ಬಿಪಿ ನೋಡಿ, ರಕ್ತ ಒಯ್ದರು. ಸಂಜೆ ರಿಪೋರ್ಟು. ಶುಗರ್ ಸರಿ, ಥೈರಾಯ್ಡ್ ಸರಿ, ಕೊಲೆಸ್ಟ್ರಾಲ್ ನನಗಿಂತ ಛಲೋ. "ಹೊಟ್ಟಿಗೆ ಇಲ್ಲದ ಬಿದ್ದಾಳ್ರಿ. ಊಟ ಮಾಡವಾ, ದಿನಾ ಒಂದೀಟು ಅಡ್ಡ್ಯಾಡು, ಬ್ಯಾರೆ ಔಷಧ ಇಲ್ಲ," ಅಂದರು.

ಅವರು ಹೋದಮೇಲೆ ಮನೆಯಲ್ಲಿ ಮಹಾ ಧಾರ್ಮಿಕ ಚರ್ಚೆ.

ಚೈತ್ರಾ ಹೇಳಿದಳು, "ಹರಕಿ ಹೊತ್ತಾಗ ನಾ ಡೆಂಗ್ಯೂದಾಗಿದ್ದೆ. ಅವಾಗಿಂದು ತೂಕ ಹಿಡೀರಿ. ಅಷ್ಟ ಬೆಲ್ಲ ಕಳಿಸಿ ಬಿಡ್ರಿ, ನಾ ಬರಂಗಿಲ್ಲ."

ಸುವರ್ಣಾ ಗಾಬರಿಯಾದಳು. "ಹಂಗ ಅನಬ್ಯಾಡ! ಆಕಿ ಕೂಡಬೇಕು ಅಂತ ಬೇಡಿಕೊಂಡೇನಿ. ಅತ್ತಿ, ನೀವರ ಹೇಳ್ರಿ."

ನಾನು ಏನು ಹೇಳಲಿ? ಕಾನ್ವೆಂಟಿನಲ್ಲಿ ಹತ್ತು ಆಜ್ಞೆ ಕಲಿಸಿದ್ದರು, ಬೆಲ್ಲದ ಲೆಕ್ಕ ಕಲಿಸಿರಲಿಲ್ಲ. "ದೇವ್ರು ರೌಂಡ್ ಫಿಗರ್ ಒಪ್ಪಿಕೊಳ್ಳತಾನೇನು ಕೇಳೋಣು," ಅಂದೆ. ಯಾರೂ ನಗಲಿಲ್ಲ.

ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆವತ್ತು ಆಸ್ಪತ್ರ್ಯಾಗ ಆಕಿ ದಪ್ಪ ಅದಾಳೋ ಸಣ್ಣ ಅದಾಳೋ ನನಗ ಕಂಡಿಲ್ರಿ ಅತ್ತಿ. ಜೀವ ಒಂದ ಕಂಡಿತ್ತು. ಎಷ್ಟ ಭಾರ ಇರ್ತಾಳೋ ಅಷ್ಟ ಕೊಡತೇನಿ ಅಂದೆ. ಅದರಾಗ ತಪ್ಪೇನಾತು?"

ತಪ್ಪೇನೂ ಆಗಿರಲಿಲ್ಲ. ಅದೇ ಕಷ್ಟ.

ಇದೆಲ್ಲ ನಡೆದಿರುವಾಗ ಐವಿ ಬಂದಳು. ನನ್ನ ಕ್ಲಾಸ್‌ಮೇಟ್. ಹುಬ್ಬಳ್ಳಿ ರೈಲ್ವೆ ಕಾಲನಿಯ ಹುಡುಗಿ, ಅಪ್ಪ ಇಂಜಿನ್ ಡ್ರೈವರ್. ಕ್ಲಾಸಿನಲ್ಲೇ ಅತಿ ತುಂಟಿಯಾಗಿದ್ದವಳು ಕ್ರೈಸ್ತ ಸನ್ಯಾಸಿನಿಯಾದಳು. (ಆ ಸುದ್ದಿ ಕೇಳಿ ನಮ್ಮ ಮದರ್ ಸುಪೀರಿಯರ್ ಎರಡು ಸಲ ಶಿಲುಬೆ ಮಾಡಿಕೊಂಡರಂತೆ.) ಆಮೇಲೆ ನರ್ಸಿಂಗ್ ಕಲಿತು ಎಷ್ಟೋ ವರ್ಷ ಸಮೋವಾದಲ್ಲಿದ್ದಳು. ಸಮೋವಾ ಎಲ್ಲಿದೆ ಅಂತ ಕೇಳಬೇಡಿ, ನನಗೂ ಅವಳೇ ಮ್ಯಾಪಿನಲ್ಲಿ ಬೆರಳಿಟ್ಟು ತೋರಿಸಿದ್ದು. ಪೆಸಿಫಿಕ್ ಸಾಗರದ ನಡುವೆ, ಒಗ್ಗರಣೆ ಸೌಟಿನಿಂದ ಸಿಡಿದ ಸಾಸಿವೆ ಹಾಗೆ ಚೆಲ್ಲಿಬಿದ್ದ ದ್ವೀಪಗಳು. ಅಲ್ಲಿಯವರು ಪಾಲಿನೇಷಿಯನ್ ಜನ. ಈಗ ರಿಟೈರ್ ಆಗಿ ಊರಿಗೆ ಬಂದಿದ್ದಾಳೆ. ಸೇವೆಯಿಂದ ರಿಟೈರ್, ಬಾಯಿಂದಲ್ಲ.

ಐವಿ ಆಗಲೂ ಕಡ್ಡಿ, ಈಗಲೂ ಕಡ್ಡಿ. ನಾನು ಆಗಲೂ ಹೀಗೇ. ನಮ್ಮ ಸ್ಕೂಲಿನಲ್ಲಿ ಟರ್ಮಿಗೊಮ್ಮೆ ತೂಕ ನೋಡುತ್ತಿದ್ದರು. ಒಬ್ಬೊಬ್ಬರನ್ನೇ ಮಶೀನಿನ ಮೇಲೆ ನಿಲ್ಲಿಸಿ ಸಿಸ್ಟರೊಬ್ಬರು ಸ್ವರ್ಗಕ್ಕೂ ಕೇಳುವ ಹಾಗೆ ಓದುವರು. ನನ್ನ ಸರದಿ ಬಂದಾಗ ಇಡೀ ಸಾಲು ಕಿವಿ ನಿಮಿರಿಸುತ್ತಿತ್ತು. ಐವಿ ಮಾತ್ರ ಹಿಂದಿನಿಂದ ಮೆಲ್ಲಗೆ ತನ್ನ ಷೂ ತುದಿಯನ್ನು ಮಶೀನಿನ ಮೇಲೆ ಒತ್ತಿ, ಎಲ್ಲರ ತೂಕವನ್ನೂ ಒಂದಷ್ಟು ಏರಿಸಿಬಿಡುತ್ತಿದ್ದಳು. ಒಂದು ಟರ್ಮಿನಲ್ಲಂತೂ ಇಡೀ ಕ್ಲಾಸಿಗೆ ಡಯಟ್. ಫ್ರೆಂಡ್‌ಶಿಪ್ ಅಂದರೆ ಏನು ಅಂತ ಆಮೇಲೆ ಯಾರೂ ನನಗೆ ಹೊಸದಾಗಿ ಕಲಿಸಬೇಕಾಗಲಿಲ್ಲ.

ಹಾಲ್‌ನಲ್ಲಿ ಕೂತು ಮೂರ್ಛೆಯ ಕತೆ ಕೇಳಿ ಐವಿ ಚೈತ್ರಾಳನ್ನು ಕರೆದಳು. "ಬಾ ಇಲ್ಲೆ. ಸಮೋವಾದಾಗ ನಿನಗ ಏನಂತಾರ ಗೊತ್ತೇನು? ಮೀಡಿಯಮ್ ಸೈಜ್."

ಚೈತ್ರಾ ಮೊದಲ ಸಲ ನಕ್ಕಳು.

"ಖರೇ ಹೇಳಾಕತ್ತೇನಿ. ಸಂಡೇ ಚರ್ಚಿಗೆ ಬಿಳೀ ಡ್ರೆಸ್ ಹಾಕ್ಕೊಂಡು, ತಲಿ ಮ್ಯಾಲೆ ಟೋಪಿ ಇಟ್ಕೊಂಡು ಬರ್ತಾರ ನೋಡು ಹೆಣ್ಮಕ್ಕಳು, ಹಡಗು ಬಂದಂಗ ಬರ್ತಾರ. ನಾವು ಸರದು ಜಾಗಾ ಕೊಡಬೇಕು. ಮಗ್ಗಲಿನ ದ್ವೀಪಕ್ಕ ಹೋಗೂ ಸಣ್ಣ ವಿಮಾನದಾಗ ಹತ್ತೂಕಿಂತ ಮೊದಲ ಎಲ್ಲಾರ್ನೂ ತಕ್ಕಡಿ ಮ್ಯಾಲೆ ನಿಲ್ಲಸ್ತಾರ, ಚೀಲದ ಜೋಡಿ. ಯಾರೂ ಮಾರಿ ಮುಚ್ಚಿಕೊಳ್ಳಂಗಿಲ್ಲ. ನಾ ನಿಂತ್ರ ಮಾತ್ರ ಅಯ್ಯೋ ಪಾಪ ಅಂತಾರ, ಈಕಿಗೆ ಯಾರೂ ಊಟಕ್ಕ ಹಾಕೂದಿಲ್ಲೇನು ಅಂತ."

ಆಮೇಲೆ ಐವಿ ಸೈನ್ಸಿಗೆ ಇಳಿದಳು. ಅಲ್ಲಿಯ ಬಹಳ ಜನರಲ್ಲಿ ಒಂದು ಜೀನಿನ ಬದಲಾವಣೆ ಇದೆಯಂತೆ. ಬೇರೆ ಕಡೆಯವರಲ್ಲಿ ಅದು ಬಲು ಅಪರೂಪ. ಅದು ಇದ್ದವರ ಮೈ ಭಾರ. ಮೈ ಭಾರವಾದರೆ ಶುಗರ್ ಬರಬೇಕಲ್ಲ? ಸೋಜಿಗ ಅಲ್ಲೇ ಇರುವುದು. ಅಷ್ಟೇ ಭಾರದ ಬೇರೆಯವರಿಗಿಂತ ಆ ಜೀನ್ ಇದ್ದವರಿಗೆ ಶುಗರ್ ಬರುವ ಸಂಭವ ಕಡಿಮೆಯಂತೆ. ಮೈ ಕೊಬ್ಬನ್ನು ಎಲ್ಲಿಡಬೇಕೋ ಅಲ್ಲಿ ಇಟ್ಟುಕೊಳ್ಳುವ ಜಾಣ್ಮೆ ಅಂತ ಅಲ್ಲಿಯ ಡಾಕ್ಟರೊಬ್ಬರು ಅವಳಿಗೆ ತಿಳಿಹೇಳಿದ್ದರಂತೆ.

"ಅಂದ್ರ ಅವ್ರಿಗೆ ಶುಗರ್ ಬರೂದ ಇಲ್ಲೇನು?" ಅಂದೆ.

"ಬರೂದಿಲ್ಲ ಅಂತ ಯಾರಂದ್ರು? ವಾರ್ಡ್ ತುಂಬಿರತಿದ್ದು. ಜೀನ್ ಎಲ್ಲಾರಿಗೂ ಇರಂಗಿಲ್ಲ. ಇದ್ದೋರಿಗೂ ಅದು ತಾಯತ ಅಲ್ಲ. ಹಡಗಿನ್ಯಾಗ ಡಬ್ಬಿ ಮಾಂಸ, ಕೋಲ್ಡ್ ಡ್ರಿಂಕು ಬಂದು ಇಳದಮ್ಯಾಲೆ ಜೀನ್ ತಾನ ಏನ ಮಾಡೀತು?"

ಅವರ ಹಿರಿಯರು ಸಣ್ಣ ದೋಣಿಗಳಲ್ಲಿ ನಕ್ಷತ್ರ ನೋಡಿಕೊಂಡು ಸಾಗರ ದಾಟಿದವರು. ಹಸಿವು ತಡೆದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡವರು ಉಳಿದರು, ಅದೇ ಮೈ ಮೊಮ್ಮಕ್ಕಳಿಗೆ ಬಂತು ಅಂತ ಒಂದು ಕತೆಯೂ ಇದೆಯಂತೆ. ಚಂದದ ಕತೆ. ಆದರೆ ಖರೆಯೋ ಸುಳ್ಳೋ ಅಂತ ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರಂತೆ.

ನಾನು ಯೋಚನೆಗೆ ಬಿದ್ದೆ. ಸಮೋವಾದವರು ಸಾಗರ ದಾಟಿದರು, ಸರಿ. ನಮ್ಮ ಗರಗದವರು ಏನು ದಾಟಿದ್ದರು? ನನ್ನ ತವರು ಗರಗ. ಅವ್ವ ಖಾದಿ ನೂಲುತ್ತಿದ್ದಳು. ಕೂತರೆ ಚರಕ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅವಳ ಅವ್ವನೂ ಹಾಗೇ, ಅಕ್ಕತಂಗಿಯರೂ ಹಾಗೇ. ಇವರೆಲ್ಲ ಮಾಡಿದ ಅತಿ ದೊಡ್ಡ ಪ್ರಯಾಣ ಚಕ್ಕಡಿಯಲ್ಲಿ ಗರಗದಿಂದ ಧಾರವಾಡಕ್ಕೆ. ಅಷ್ಟು ಹಾದಿಗೂ ಜೊತೆಯಲ್ಲಿ ಬುತ್ತಿಗಂಟು. ಬರಗಾಲ ಕಂಡಿರಬಹುದು, ಸಾಗರ ಕಂಡಿರಲಿಲ್ಲ. ಆದರೂ ಆ ಸೊಂಟ ಅವ್ವನಿಂದ ನನಗೆ ಬಂತು. ನನ್ನ ಮಗನನ್ನು ಬಿಟ್ಟು ನೇರ ಚೈತ್ರಾಳ ಮೇಲೆ ಹೋಗಿ ಕೂತಿತು. ಅವ್ವ ಕೊನೆಯವರೆಗೂ ಶುಗರ್ ಅನ್ನುವ ಹೆಸರನ್ನೇ ಕೇಳಲಿಲ್ಲ. (ಟೆಸ್ಟನ್ನೂ ಮಾಡಿಸಲಿಲ್ಲ, ಅದು ಬೇರೆ ಮಾತು.)

"ಹಂಗಾರ ನಮ್ಮನಿಯೊಳಗೂ ಆ ಜೀನ್ ಇರಬೇಕು," ಅಂದೆ ಜಂಬದಿಂದ.

"ಸುಮ್ಮನ ಕೂಡು ಶಾಂತಾ. ಅದು ಅವ್ರದು. ನಿಮ್ಮದ ಬ್ಯಾರೆ ಏನರ ಇರಬೇಕು. ಕಂಡದ್ದೆಲ್ಲಾ ನಮ್ಮದು ಅನ್ನೂದು ಬಿಡು."

ಅಷ್ಟರಲ್ಲಿ ನೀಲವ್ವ ಒಳಗೆ ಬಂದಳು. ನನ್ನ ಮೈದುನನ ಹೆಂಡತಿ, ಎರಡು ಓಣಿ ಆಚೆ ಮನೆ. ಮೂರ್ಛೆಯ ಸುದ್ದಿ ಅವಳಿಗೆ ನಾವು ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಅವಳಿಗೆ ಬೇಗ ಮುಟ್ಟುತ್ತದೆ. ನೀಲವ್ವ ಊದುಬತ್ತಿ ಕಡ್ಡಿಯಷ್ಟು ತೆಳ್ಳಗೆ. ಅದು ತನ್ನ ಸಾಧನೆ ಅಂತ ತಿಳಿದಿದ್ದಾಳೆ.

"ಅಕ್ಕಾ, ಬೆಲ್ಲಕ್ಕ ಟ್ರ್ಯಾಕ್ಟರ್ ಹೇಳೀರೇನು?" ಅಂತ ಕೂತಳು. ಚೈತ್ರಾಳ ಮುಖ ಇಳಿಯಿತು. "ಅಲ್ಲವಾ ಚೈತ್ರಾ, ನಾ ನೋಡು, ಲಗ್ನದಾಗಿನ ಜಂಪರ್ ಇವತ್ತಿಗೂ ಹಾಕ್ಕೋತೇನಿ. ಬಾಯಿ ಮ್ಯಾಲೆ ಹಿಡಿತ ಇರಬೇಕು."

ಸುವರ್ಣಾ ಪೇಡೆ ತಂದಿಟ್ಟಳು. ನೀಲವ್ವ ಕೈ ಅಡ್ಡ ಹಿಡಿದಳು. "ನನಗ ಬ್ಯಾಡವಾ, ಶುಗರ್ ಮಾತ್ರಿ ನಡದಾವು."

ಐವಿ ತನ್ನ ಬ್ಯಾಗಿನಿಂದ ಇನ್ಸುಲಿನ್ ಪೆನ್ ತೆಗೆದು ಹೊಟ್ಟೆಗೆ ಚುಚ್ಚಿಕೊಂಡು, ನಿರುಮ್ಮಳವಾಗಿ ಪೇಡೆ ಎತ್ತಿಕೊಂಡಳು. (ನಾನ್ಸೆನ್ಸ್, ಹಾಗೆಲ್ಲ ಮಾಡಬಾರದು ಅಂದೆ. ಕೇಳಿದರೆ ತಾನೇ?) "ನೋಡ್ರಿ ನೀಲಾಬಾಯಿ, ನಾನೂ ಕಡ್ಡಿ, ನೀವೂ ಕಡ್ಡಿ. ಇಬ್ರಿಗೂ ಶುಗರ್. ನಮ್ಮ ದೇಶದಾಗ ಹಿಂಗ ಭಾಳ ಮಂದಿ. ಮ್ಯಾಲೆ ನೋಡಿದ್ರ ತೆಳ್ಳಗ, ಕೊಬ್ಬೆಲ್ಲಾ ಒಳಗ, ಹೊಟ್ಟಿಯೊಳಗ ಅಡಗಿ ಕುಂತಿರತೈತಿ. ಈ ಹುಡುಗಿದು ಹೊರಗ ಐತಿ, ಎಲ್ಲಾರಿಗೂ ಕಾಣತೈತಿ. ನಮ್ಮದು ಕಾಣೂದಿಲ್ಲ, ಅಷ್ಟ."

ನೀಲವ್ವ ಚಹಾ ಕುಡಿದು ಎದ್ದಳು. ಚಹಾ ಸಪ್ಪೆಯಾಗಿತ್ತು ಅಂತ ಆಮೇಲೆ ಯಾರದೋ ಮುಂದೆ ಹೇಳಿದಳಂತೆ. ಅವಳಿಗೆ ಸಕ್ಕರೆ ಹಾಕಿರಲಿಲ್ಲ, ಇನ್ನೇನಾದೀತು?

ಅವಳು ಹೋದಮೇಲೆ ಚೈತ್ರಾ ಮೆಲ್ಲಗೆ ಐವಿಯನ್ನು ಕೇಳಿದಳು. "ಸಿಸ್ಟರ್, ಖರೇ ಹೇಳ್ರಿ. ಇದು ನನ್ನ ತಪ್ಪೋ, ಆಯಿದೋ?"

ಐವಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಎತ್ತರ ಇದ್ದೋರು ಹಿಂಗ ಕೇಳತಾರೇನು? ಒಂದೀಟು ನಿಮ್ಮ ಆಯಿದು, ಒಂದೀಟು ಗಿರಮಿಟ್ ತಟ್ಟಿದು, ಒಂದೀಟು ದಿನಾ ಕುಂತ ಹೋಗೂ ಬಸ್ಸಿಂದು. ಕೈಯಾಗ ಇದ್ದದ್ದನ್ನ ಮಾಡು. ಇಲ್ಲದ್ದಕ್ಕ ಉಪವಾಸ ಬಿದ್ದು ಸಾಯಬ್ಯಾಡ."

ಚೈತ್ರಾ ಎದ್ದು ಹೋಗಿ ಎರಡು ರೊಟ್ಟಿ ಉಂಡಳು. ಮಠಕ್ಕೆ ಬರುತ್ತೇನೆ ಅಂತ ಮಾತ್ರ ಅನ್ನಲಿಲ್ಲ.

ಆದರೆ ತುಲಾಭಾರದ ದಿನ, ಸೋಮವಾರ ಬೆಳಿಗ್ಗೆ, ಇಳಕಲ್ ಸೀರೆ ಉಟ್ಟು ಬಂದು ಕಾರಿನಲ್ಲಿ ಕೂತಳು. "ಕುಂದರೂದು ಕುಂದರತೇನಿ ಆಯಿ. ಯಾರರ ಫೋಟೋ ತಗದ್ರ ಇಳದು ಹೋಗತೇನಿ ನೋಡ," ಅಂದಳು. ಹಾಗೆ ನಡುವೆ ಇಳಿದರೆ ಹರಕೆ ಮುರಿದ ಹಾಗೆ. ಮುಂದಿನ ಸೀಟಿನಲ್ಲಿ ಸುವರ್ಣಾಳ ತುಟಿ ಏನೋ ಜಪಿಸುತ್ತಿತ್ತು. ಐವಿಯೂ ಬಂದಿದ್ದಳು, ಕೊರಳಲ್ಲಿ ಶಿಲುಬೆ. ಮಠದ ಬಾಗಿಲಲ್ಲಿ ಯಾರೋ ಅವಳ ಹಣೆಗೂ ವಿಭೂತಿ ಹಚ್ಚಿದರು. ಇರಲಿ ಅಂದಳು.

ಅಂಗಳದಲ್ಲಿ ಆಳೆತ್ತರದ ತಕ್ಕಡಿ. ಸರಪಳಿಗೆಲ್ಲ ಚೆಂಡು ಹೂವು. ನೆಂಟರು, ಓಣಿಯವರು, ದಾಸೋಹಕ್ಕೆ ಅಕ್ಕಿ ಬೇಳೆ ಹೊತ್ತು ಬಂದ ಹಳ್ಳಿಯವರು. ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಬಂದು ಗದ್ದುಗೆಯ ಪಕ್ಕ ಕೂತರು. ಚೈತ್ರಾ ತಟ್ಟೆಯಲ್ಲಿ ಕೂತಳು. ತಟ್ಟೆ ನೆಲ ಮುಟ್ಟಿತು. "ಹರ ಹರ ಮಹಾದೇವ" ಅಂದರು ಜನ. ಒಂದೊಂದೇ ಬೆಲ್ಲದ ಪೆಂಟೆ ಎದುರಿನ ತಟ್ಟೆಗೆ ಏರತೊಡಗಿತು.

ಏರಿತು. ಏರಿತು. ಮುಗಿಯಿತು.

ಚೈತ್ರಾ ಇನ್ನೂ ನೆಲದ ಮೇಲೇ ಇದ್ದಳು.

ನಾನು ಸುವರ್ಣಾಳ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ತಿಳಿಯಿತು. ಹುಡುಗಿ ಉಪವಾಸ ಹಿಡಿದಾಗ ಎಷ್ಟಕ್ಕೆ ಇಳಿಯುತ್ತೇನೆ ಅಂದಿದ್ದಳೋ ಅಷ್ಟೇ ಬೆಲ್ಲ ತರಿಸಿದ್ದಳು ಈ ತಾಯಿ. ಒಂದು ಪೆಂಟೆಯೂ ಮೇಲಿಲ್ಲ. "ಜಾಸ್ತಿ ತರಿಸಿದ್ರ ಆಕಿ ಅಷ್ಟ ಭಾರ ಇರಲಿ ಅಂತ ನಾನ ಬೇಡಿಕೊಂಡಂಗ ಆಗತೈತಲ್ರಿ ಅತ್ತಿ!" ಇಂಥ ತರ್ಕಕ್ಕೆ ನಮ್ಮ ಮನೆತನದ ಹೊರಗೆ ಎಲ್ಲಾದರೂ ಬೆಲೆ ಇದೆಯೇ?

ಹಿಂದಿನಿಂದ ಯಾರೋ ಕಿಸಕ್ಕೆಂದರು. ನೀಲವ್ವ ಗುಂಪಿನ ಮುಂದೆಯೇ ನಿಂತಿದ್ದಳು. "ಅಂದಿದ್ದಿಲ್ಲೇನು ನಾ? ಟ್ರ್ಯಾಕ್ಟರ್ ಹೇಳ್ರಿ ಅಂತ!"

ಚೈತ್ರಾಳ ಕಿವಿ ಕೆಂಪಾಯಿತು. ಸರಪಳಿ ಹಿಡಿದಿದ್ದ ಕೈ ಸಡಿಲಾಯಿತು. ಇಳಿಯುತ್ತಾಳೆ ಅಂದುಕೊಂಡೆ. ಸುವರ್ಣಾ ಕಣ್ಣು ಮುಚ್ಚಿಕೊಂಡಳು.

ಚೈತ್ರಾ ಇಳಿಯಲಿಲ್ಲ. ನೀಲವ್ವನನ್ನೇ ನೋಡಿದಳು. "ಸಣ್ಣಾಯಿ, ನಿಮ್ಮ ಕೈಯಾಗ ಏನೈತಿ?"

"ಅಕ್ಕಿ. ದಾಸೋಹಕ್ಕ ಕೊಡಾಕ ತಂದೇನಿ."

"ಇದೂ ದಾಸೋಹಕ್ಕ ಹೋಗೂದಲ್ಲ? ಹಂಗಾರ ಇಡ್ರಿ ಇದರಾಗ."

ಎಲ್ಲರೂ ಅಜ್ಜಾರ ಮುಖ ನೋಡಿದರು. ಹರಕೆ ಬೆಲ್ಲದ್ದು, ಅಕ್ಕಿ ನಡೆಯುತ್ತದೆಯೇ? ಅಜ್ಜಾರು ಗಡ್ಡದಲ್ಲೇ ನಕ್ಕರು. "ಇಡ್ರೆವಾ. ಬರೇ ಬೆಲ್ಲ ತಿಂದು ಯಾರ ಹೊಟ್ಟಿ ತುಂಬತೈತಿ?"

ನೀಲವ್ವನ ಅಕ್ಕಿ ತಟ್ಟೆಗೆ ಬಿತ್ತು. ಒಲ್ಲೆ ಅನ್ನುವ ಹಾಗಿರಲಿಲ್ಲ, ಊರೇ ನೋಡುತ್ತಿತ್ತು. ಆಮೇಲೆ ತಡೆಯುವವರೇ ಇಲ್ಲ. ಒಬ್ಬರು ತೊಗರಿಬೇಳೆ, ಒಬ್ಬರು ಗೋಧಿ, ಯಾರೋ ಕುಂಬಳಕಾಯಿ. ಹಳ್ಳಿಯ ಹೆಂಗಸರು ಕಟಕ ರೊಟ್ಟಿಯ ದೊಡ್ಡ ಗಂಟು ತಂದು ಗತ್ತಿನಿಂದ ಇಟ್ಟರು. ತಕ್ಕಡಿ ಅಲುಗಲೇ ಇಲ್ಲ. ಅಂಗಳವೆಲ್ಲ ನಗೆ. ಐವಿ ಹುಮ್ಮಸ್ಸಿನಲ್ಲಿ ತನ್ನ ಹ್ಯಾಂಡ್‌ಬ್ಯಾಗ್ ಇಟ್ಟು, ತಟ್ಟನೆ ವಾಪಸ್ ತೆಗೆದುಕೊಂಡಳು. ಇನ್ಸುಲಿನ್ ಅದರಲ್ಲೇ ಇತ್ತು.

ಇನ್ನೂ ಎರಡು ಚೀಲ ಬಿದ್ದಮೇಲೆ ಚೈತ್ರಾ ನೆಲ ಬಿಟ್ಟಳು. ಎರಡೂ ತಟ್ಟೆ ಸಮ ಆದವು. "ಆತು, ಇಳೀವಾ," ಅಂದರು ಯಾರೋ.

"ಯಾಕ ಇಳೀಲಿ? ಕೊಡೂ ತಟ್ಟಿ ಕೆಳಗ ಹೋಗಬೇಕಲ್ಲ? ಇನ್ನೊಂದೀಟು ಹಾಕ್ರಿ," ಅಂದಳು ನನ್ನ ಮೊಮ್ಮಗಳು, ಕಾಲು ಆಡಿಸುತ್ತ. ಅಷ್ಟರಲ್ಲಿ ನಾಲ್ಕಾರು ಮೊಬೈಲುಗಳು ಮೇಲೆದ್ದಿದ್ದವು. ಅವಳು ಸೆರಗು ಸರಿಮಾಡಿಕೊಂಡು ಅತ್ತ ತಿರುಗಿದಳು.

ಮಧ್ಯಾಹ್ನ ದಾಸೋಹಕ್ಕೆ ಅದೇ ಬೆಲ್ಲದ ಗೋಧಿ ಹುಗ್ಗಿ. ಚೈತ್ರಾಳೇ ಬಕೆಟ್ ಹಿಡಿದು ಬಡಿಸುತ್ತಿದ್ದಳು. ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಹೆಂಗಸು, ನಮಗ್ಯಾರಿಗೂ ಪರಿಚಯವಿಲ್ಲದವಳು, ಬೆರಳು ಚೀಪುತ್ತ ಕೇಳಿದಳು, "ಯಾರ ತುಲಾಭಾರದ್ದಬೇ ಇದು?"

"ನಂದರಿ," ಅಂದಳು ಚೈತ್ರಾ.

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೆಳಗಿಂದ ಮೇಲೆ ಮತ್ತೊಮ್ಮೆ ನೋಡಿದಳು. ಚೈತ್ರಾ ಸೌಟು ಹಿಡಿದು ಹಾಗೇ ನಿಂತಳು.

"ಹಂಗಾರ ಖಾಲಿ ಆಗಂಗಿಲ್ಲ ಬಿಡು," ಅಂತ ಹೆಂಗಸು ಎಲೆ ಮುಂದೆ ಸರಿಸಿದಳು. "ಇನ್ನೆರಡು ಸೌಟು ಹಾಕು."

ಇಷ್ಟು ವರ್ಷ ನನ್ನ ಮೊಮ್ಮಗಳನ್ನು ಕಣ್ಣಲ್ಲೇ ತೂಗಿದವರಲ್ಲಿ ಲೆಕ್ಕ ಸರಿ ಬಂದದ್ದು ಇವಳೊಬ್ಬಳಿಗೇ ಅಲ್ಲವೇ?